ಬಾಟಲಿಯ ಮೇಲೆ ಬೆಳೆದವರ ಹೆಸರು

ನಮ್ಮ ಕನ್ನಡ ಸಂಘದ ಪತ್ರಿಕೆಯ ಯುಗಾದಿ ಸಂಚಿಕೆ ನಾಳೆ ಬೆಳಿಗ್ಗೆ ಎಲ್ಲರಿಗೂ ಹೋಗಬೇಕು. ಈಗ ರಾತ್ರಿ ಹನ್ನೊಂದೂವರೆ. ಬೇವು-ಬೆಲ್ಲದ ಬಗ್ಗೆ ಬರೆಯೋಣ ಅಂತ ಕೂತೆ, ಆದರೆ ಹೋದ ಶನಿವಾರ ಬರೋಸಾ ದ್ರಾಕ್ಷಿ ಕಣಿವೆಯಲ್ಲಿ ನಮ್ಮ ಸಂಘದ ಹುಡುಗಿ ಕೇಳಿದ ಪ್ರಶ್ನೆ ತಲೆಯಿಂದ ಹೋಗ್ತಾ ಇಲ್ಲ.

ಅಡಿಲೇಡ್‌ನಿಂದ ಒಂದು ತಾಸಿನ ದಾರಿ, ನಿಮಗೆಲ್ಲ ಗೊತ್ತು. ನಾವು ಹೋಗಿದ್ದು ದೊಡ್ಡ ಕಂಪನಿಯ ವೈನರಿಗಲ್ಲ. ಗಂಡ-ಹೆಂಡತಿ ಇಬ್ಬರೇ ನಡೆಸುವ ಸಣ್ಣದು. ಬೆಳೆಯುವವರು, ವೈನ್ ಮಾಡುವವರು, ಗ್ಲಾಸಿಗೆ ಸುರಿದು ಕೊಡುವವರು ಎಲ್ಲ ಅವರೇ, ಬಾಟಲಿಯ ಮೇಲೂ ಅವರದೇ ಹೆಸರು. ತೋಟಕ್ಕೆ ಬಿಡುವ ಮೊದಲು ಬೂಟು ಸ್ವಚ್ಛ ಮಾಡಿಸಿದರು. ಬೇರು ತಿನ್ನುವ ಫಿಲಾಕ್ಸರಾ ಅನ್ನುವ ಹುಳ ದಕ್ಷಿಣ ಆಸ್ಟ್ರೇಲಿಯಾಕ್ಕೆ ಇನ್ನೂ ಬಂದಿಲ್ಲ, ಬರಬಾರದು ಅಂತ ಈ ಎಚ್ಚರ. ಹಾಗಾಗಿಯೇ ಬರೋಸಾದಲ್ಲಿ 1843ರಲ್ಲಿ ನೆಟ್ಟ ಶಿರಾಜ್ ಅನ್ನುವ ಕೆಂಪು ವೈನಿನ ದ್ರಾಕ್ಷಿ ಬಳ್ಳಿಗಳು ಇವತ್ತಿಗೂ ಹಣ್ಣು ಬಿಡುತ್ತಿವೆ.

ಮೊದಲು ರೀಸ್ಲಿಂಗ್ ಅನ್ನುವ ಬಿಳಿ ವೈನ್ ಕೊಟ್ಟರು. ಮೂಸಿದರೆ ನಿಂಬೆಸಿಪ್ಪೆಯ ವಾಸನೆ, ನನಗಂತೂ ನಮ್ಮ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ನಿಂಬೆಹಣ್ಣೇ ನೆನಪಾಯಿತು. ಆಮೇಲೆ ಕೆಂಪು ವೈನುಗಳು, ಗ್ರೆನಾಶ್, ಕೊನೆಗೆ ಶಿರಾಜ್, ಅದರಲ್ಲಿ ಕರಿಮೆಣಸಿನ ಘಾಟು. ಬಿಳಿ ವೈನಿಗೆ ಹಣ್ಣು ಹಿಂಡಿ ರಸ ಮಾತ್ರ ಹುದುಗಿಸುತ್ತಾರೆ, ಕೆಂಪಿಗೆ ಸಿಪ್ಪೆ-ಬೀಜ ಸಮೇತ. ಬಣ್ಣವೂ ನಾಲಿಗೆ ಹಿಡಿಯುವ ಒಗರೂ ಅಲ್ಲಿಂದಲೇ ಬರುತ್ತವೆ. ಕುಡಿಯದ ಹಿರಿಯರು ಸುಮ್ನೆ ತೋಟ ಸುತ್ತಿ ಬಂದರು, ಅವರಿಗೂ ಅಷ್ಟೇ ಖುಷಿ. ಸಂಘದ ಪತ್ರಿಕೆಯಲ್ಲಿ ವೈನ್ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಅದು ದ್ರಾಕ್ಷಿಯ ಮಾತು, ಬೆಳೆದವರ ಮಾತು.

ಆಗಲೇ ಆ ಹುಡುಗಿ ಕೇಳಿದ್ದು, "ಆಂಟಿ, ಇಂಡಿಯಾದಲ್ಲೂ ದ್ರಾಕ್ಷಿ ಬೆಳೀತಾರಾ?" ಅವಳ ಅಪ್ಪ ದ್ರಾಕ್ಷಿ ಬೆಳೆಯುವ ನಮ್ಮ ವಿಜಯಪುರ ಜಿಲ್ಲೆಯ ಬಬಲೇಶ್ವರದ ಕಡೆಯವರು!

ಅದೇ ಜಿಲ್ಲೆಯ ಟಿಕೋಟಾ ಹತ್ತಿರ ನಮ್ಮ ಕಾಕಾನ ದ್ರಾಕ್ಷಿ ತೋಟ. ಮಾರ್ಚ್ ಅಂದರೆ ಇಲ್ಲೂ ಕೊಯ್ಲು, ಅಲ್ಲೂ ಕೊಯ್ಲು. ಅಲ್ಲಿ ಬಿಸಿಲು ಏರುತ್ತಿರುತ್ತದೆ, ಇಲ್ಲಿ ಇಳಿಯುತ್ತಿರುತ್ತದೆ, ಅಷ್ಟೇ. ನಸುಕಿನಲ್ಲೇ ಹೆಣ್ಣುಮಕ್ಕಳು ಕತ್ತರಿ ಹಿಡಿದು ಸಾಲಿಗೆ ಇಳಿಯುತ್ತಿದ್ದರು. "ಲಗೂನ ಬಾರವ್ವಾ, ಬಿಸಲ ಏರಾಕತ್ತೈತಿ" ಅಂತ ಕಾಕಾ ನನ್ನನ್ನೂ ಎಬ್ಬಿಸುತ್ತಿದ್ದ. ಕ್ರೇಟಿನಲ್ಲಿ ತುಂಬಿದ ಗೊನೆಗಳನ್ನು ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ ತೆಗೆಯಬೇಕು. ಸಿಪ್ಪೆಯ ಮೇಲಿನ ಮೇಣ ಸಡಿಲಾಗಿ ಹಣ್ಣು ಬೇಗ ಒಣಗುತ್ತದೆ. ಆಮೇಲೆ ಶೆಡ್ಡಿನ ನೆರಳಲ್ಲಿ, ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರಡಿ ಸುಮಾರು ಹದಿನೈದು ದಿನ ಕಾಯುವುದು. ನಾಲ್ಕು ಕೆಜಿ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕೆಜಿ ಮನೂಕ, ಅಂದರೆ ಒಣದ್ರಾಕ್ಷಿ. ಒಂದು ಸಂಜೆ ಪಡುವಣದಲ್ಲಿ ಮೋಡ ಕಟ್ಟಿತು. ಒಣಗುವಾಗ ಮಳೆ ಹೊಡೆದರೆ ಕಾಳು ಕಪ್ಪಾಗಿ ರೇಟು ಬಿದ್ದುಹೋಗುತ್ತದೆ. ಪಕ್ಕದ ಹೊಲದವರು ತಮ್ಮ ಕೆಲಸ ಬಿಟ್ಟು ಓಡಿಬಂದರು, ಗಾಳಿಗೆ ತಾಡಪತ್ರಿ ಹಾರುತ್ತಿತ್ತು, ಕಾಕಿ ಮಾತ್ರ ಹಗ್ಗದ ತುದಿ ಕೈಗೆ ಸುತ್ತಿಕೊಂಡು ಮಳೆ ನಿಲ್ಲುವವರೆಗೂ ಬಿಡಲೇ ಇಲ್ಲ. ಅವಳ ಅಂಗೈ ಕೆಂಪಗೆ ಬಾತಿತ್ತು, ಆದರೂ ಮೊದಲು ಕೇಳಿದ್ದು "ಕೆಳಗಿನ ಬಲಿ ತೊಯ್ದಾವೇನು?" ಅಂತ. ಬರಗಾಲದಲ್ಲಿ ಬಳ್ಳಿ ಉಳಿಸೋಕೆ ಟ್ಯಾಂಕರ್ ನೀರು ತರಿಸಿದ್ದೂ ಇದೇ ತೋಟಕ್ಕೆ.

ಆ ಮನೂಕ ಬಾಕ್ಸು ತುಂಬಿ ಮಹಾರಾಷ್ಟ್ರದ ತಾಸಗಾಂವಕ್ಕೋ ಸಾಂಗಲಿಗೋ ಮಾರಾಟಕ್ಕೆ ಹೋಗುತ್ತಿತ್ತು. ಬಾಕ್ಸಿನ ಮೇಲೆ ಕಾಕಾನ ಹೆಸರಿಲ್ಲ, ಟಿಕೋಟಾ ಅಂತಲೂ ಇಲ್ಲ. ತಿಂದವರು ಯಾರೂ ಅವನ ಮುಖ ನೋಡಿಲ್ಲ.

ವೈನರಿಯ ಯಜಮಾನರಿಗೆ ಇದನ್ನೆಲ್ಲ ಹೇಳಿದೆ. ಇಲ್ಲಿ ಬಳ್ಳಿ ಚಳಿಗಾಲದಲ್ಲಿ ಮಲಗುತ್ತದೆ, ವರ್ಷಕ್ಕೆ ಒಂದೇ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು. ನಮ್ಮಲ್ಲಿ ಅಷ್ಟು ಚಳಿ ಇಲ್ಲ, ಬಳ್ಳಿ ಮಲಗುವುದೇ ಇಲ್ಲ, ಏಪ್ರಿಲ್‌ನಲ್ಲೊಂದು ಅಕ್ಟೋಬರ್‌ನಲ್ಲೊಂದು ಚಾಟ್ನಿ ಬೇಕು ಅಂದಾಗ ಅವರು ಬಾಟಲಿ ಕೆಳಗಿಟ್ಟು ಕೇಳುತ್ತಾ ನಿಂತರು. 2007ರಲ್ಲಿ ಕರ್ನಾಟಕ ಸರ್ಕಾರ ವೈನ್ ನೀತಿ ತಂದಾಗ ಕೃಷ್ಣಾ ಕಣಿವೆ ಅಂತ ನಮ್ಮ ಭಾಗದ ಹೆಸರೂ ಬಂತು. ಆದರೆ ನಮ್ಮ ಕಡೆ ಜಾಸ್ತಿ ಇರುವುದು ಥಾಮ್ಸನ್ ಸೀಡ್‌ಲೆಸ್, ತಿನ್ನೋಕೆ ಮತ್ತು ಒಣಗಿಸೋಕೆ ಬೆಳೆಯುವ ದ್ರಾಕ್ಷಿ. ಎಲ್ಲರೂ ವೈನ್ ಮಾಡಲಿ ಅಂತ ನಾನು ಹೇಳುತ್ತಿಲ್ಲ. ಮನೂಕದ ಪೊಟ್ಟಣದ ಮೇಲಾದರೂ ಊರಿನ ಹೆಸರು, ರೈತನ ಹೆಸರು ಇರಲಿ. ಆ ಗಂಡ-ಹೆಂಡತಿಗೆ ಸಿಗುವ ಮರ್ಯಾದೆ ನಮ್ಮ ಕಾಕಾ-ಕಾಕಿಯಂಥವರಿಗೂ ಸಿಗಲೇಬೇಕು, ಅಲ್ವಾ?

ಇನ್ನು ಸುದ್ದಿಗಳು, ಬೇಗ ಬೇಗ. ಯುಗಾದಿ ಕಾರ್ಯಕ್ರಮ ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಊಟಕ್ಕೆ ಹೋಳಿಗೆ ಇದೆ, ಎಷ್ಟು ಜನ ಬರುತ್ತೀರಿ ಅಂತ ಗುರುವಾರದೊಳಗೆ ತಿಳಿಸಿ. ಕನ್ನಡ ಶಾಲೆ ರಜೆ ಮುಗಿದ ಮೇಲೆ ಮತ್ತೆ ಶುರು. ಬಸವ ಜಯಂತಿಗೆ ವಚನ ಹಾಡುವ ಮಕ್ಕಳು ಹೆಸರು ಕೊಡಿ. ಸದಸ್ಯತ್ವದ ಹಣ ಬಾಕಿ ಇರುವವರು ದಯವಿಟ್ಟು ಕಟ್ಟಿಬಿಡಿ.

ಪುಟ ಜೋಡಿಸಿಕೊಡುತ್ತಿದ್ದ ಗೆಳತಿ ಕೆಲಸ ಸಿಕ್ಕು ಪರ್ತ್‌ಗೆ ಹೋದಳು. ಈ ಸಂಚಿಕೆ ಒಬ್ಬಳೇ ಮಾಡಿದ್ದೇನೆ, ಮುಂದಿನದು ಒಬ್ಬಳಿಂದ ಆಗುವುದಿಲ್ಲ. ತಿಂಗಳಿಗೆ ಒಂದೆರಡು ಸಂಜೆ ಕೊಡುವವರು ಯಾರಾದರೂ ಬನ್ನಿ, ಕೆಲಸ ನಾನು ಕಲಿಸುತ್ತೇನೆ. ಊರಲ್ಲಿ ತೋಟ-ಹೊಲ ಇರುವವರು ಮಕ್ಕಳಿಗಾಗಿ ಅದರ ಬಗ್ಗೆ ಒಂದು ಪುಟ ಬರೆದುಕೊಡಿ. ಟೈಪ್ ಮಾಡೋಕೆ ಆಗದಿದ್ದರೆ ಫೋನ್ ಮಾಡಿ ಹೇಳಿ, ನಾನು ಬರೆದುಕೊಳ್ಳುತ್ತೇನೆ.