ಅಕ್ಕನ ಎರಡು ಬೆರಳು

ನಿನ್ನೆ ಬೆಳಿಗ್ಗೆ ಶಾಲೆಗೆ ಹೋಗುವಾಗ ಹೆದ್ದಾರಿಯನ್ನು ಒಬ್ಬಳೇ ದಾಟಿದೆ. ಬಲಕ್ಕೆ ನೋಡಿದೆ, ಎಡಕ್ಕೆ ನೋಡಿದೆ, ಮತ್ತೆ ಬಲಕ್ಕೆ ನೋಡಿದೆ. ಸುಮಾರು ಎರಡು ವರ್ಷ ನನ್ನ ಪಾಲಿಗೆ ಬಲಗಡೆ ಎಂಬುದೇ ಇರಲಿಲ್ಲ. ಆ ಕಡೆಯಿಂದ ಲಾರಿ ಬರುತ್ತಿದೆಯೇ ಎಂದು ತಿಳಿಯಲು ಇಡೀ ಮೈ ತಿರುಗಿಸಿ ನಿಲ್ಲಬೇಕಿತ್ತು. ಇಲ್ಲವಾದರೆ ಯಾರಾದರೂ ಕೈ ಹಿಡಿದು ದಾಟಿಸಬೇಕಿತ್ತು. ಕುಮಟಾದ ಈ ರಸ್ತೆ ದಾಟಿದ್ದಕ್ಕೆ ಅಳುವವರು ಯಾರಿದ್ದಾರೆ? ನಾನು ಅತ್ತೆ.

ತಲೆ ತಾನಾಗಿ ಎಡಕ್ಕೆ ತಿರುಗಿ ನಿಲ್ಲುತ್ತಿದ್ದ ನನ್ನ ಕಾಯಿಲೆಯ ಕತೆ ನಿಮ್ಮಲ್ಲಿ ಹಲವರಿಗೆ ಗೊತ್ತಿದ್ದದ್ದೇ. ರಜೆ ಹೊಂದಿಸಿಕೊಟ್ಟ ಹೆಡ್‌ಮಾಸ್ಟರು, ನನ್ನ ತರಗತಿಯನ್ನೂ ನಡೆಸಿದ ಸಹಶಿಕ್ಷಕಿಯರು, ಉಡುಪಿಯಲ್ಲಿ ಪ್ರತಿಸಲ ಉಳಿಸಿಕೊಂಡ ಸೋದರಮಾವನ ಮನೆಯವರು, ಗೋವಾದ ಕೆಲಸದಿಂದ ಸಿಕ್ಕ ರಜೆಯನ್ನೆಲ್ಲ ನನಗೇ ಸುರಿದ ನನ್ನ ಗಂಡ, ಎಲ್ಲರಿಗೂ ಕೈಮುಗಿದು ನಮಸ್ಕಾರ. ಗಲ್ಲಕ್ಕೆ ಬೆರಳಿಟ್ಟು ಪಾಠ ಮಾಡುತ್ತಿದ್ದ ನನ್ನನ್ನು ನೋಡಿ "ಟೀಚರ್ ಏನೋ ಯೋಚನೆ ಮಾಡ್ತಿದ್ದಾರೆ, ಗಲಾಟೆ ಮಾಡಬೇಡಿ" ಎಂದು ಪಿಸುಗುಟ್ಟುತ್ತಿದ್ದ ಮೂರನೇ ತರಗತಿಯ ಮಕ್ಕಳಿಗೂ.

ಆ ಬೆರಳಿನ ಕತೆ ನನ್ನ ಓರಗಿತ್ತಿಯದು. ನಾನು ಕರೆಯುವುದು ಅಕ್ಕ ಎಂದು.

ಹೋದ ವರ್ಷ ಆಷಾಢದ ಒಂದು ರಾತ್ರಿ. ಹೊರಗೆ ಹುಚ್ಚು ಮಳೆ, ಕರೆಂಟಿಲ್ಲ. ಅಷ್ಟರಲ್ಲಿ ಒಂದು ಕಡೆ ಕುತ್ತಿಗೆ ಮೂಳೆ ಸವೆದಿದೆ ಎಂದು ಕಾಲರ್ ಹಾಕಿದ್ದರು, ಇನ್ನೊಂದು ಕಡೆ ಎಲ್ಲ ಮನಸ್ಸಿನದು ಎಂದು ಕಳಿಸಿದ್ದರು, ಮನೆಯಲ್ಲಿ ದೃಷ್ಟಿಯನ್ನೂ ತೆಗೆದಾಗಿತ್ತು. ಆ ರಾತ್ರಿ ಕಾಲರ್ ಇದ್ದೂ ತಲೆ ಎಡಕ್ಕೆ ಎಳೆಯಿತು. ಯಾರೋ ಹಿಂದಿನಿಂದ ಹಿಡಿದು ತಿರುವಿದ ಹಾಗೆ, ಬಿಡದೆ. ಗಂಡ ಊರಲ್ಲಿರಲಿಲ್ಲ. ಬಾಯಿಬಿಟ್ಟು ಹೇಳಿಬಿಟ್ಟೆ: "ಈ ತಲೆಯೂ ಬೇಡ, ಈ ಜೀವವೂ ಬೇಡ." ಬಾಗಿಲ ಹತ್ತಿರ ನಿಂತಿದ್ದ ನನ್ನ ಮಗಳು ಅದನ್ನು ಕೇಳಿಸಿಕೊಂಡಳು. ಅದನ್ನು ನಾನು ಇನ್ನೂ ನುಂಗಿಕೊಂಡಿಲ್ಲ.

ಅಕ್ಕ ಏನೂ ಬುದ್ಧಿ ಹೇಳಲಿಲ್ಲ. ಮಗಳನ್ನು ಒಳಗೆ ಮಲಗಿಸಿ ಬಂದು, ಕಾಲರ್ ಬಿಚ್ಚಿ, ಗೋಡೆಗೊರಗಿ ಕೂತು ನನ್ನನ್ನು ಎದೆಗೆ ಆನಿಸಿಕೊಂಡಳು. ಕಣ್ಣೀರು ಒರೆಸಲು ಹೋದಾಗ ಅವಳ ಎರಡು ಬೆರಳು ನನ್ನ ಗಲ್ಲಕ್ಕೆ ತಾಗಿದವು. ಅವಳು ಒತ್ತಲಿಲ್ಲ, ತಳ್ಳಲಿಲ್ಲ. ತಲೆ ಮೆಲ್ಲಗೆ ನಡುವಿಗೆ ಬಂತು. ಬೆರಳು ತೆಗೆದಳು, ಮತ್ತೆ ತಿರುಗಿತು. ಇಟ್ಟಳು, ಬಂತು. "ಇದೆಂತಾ ತಂಗಿ, ಮುಟ್ಟಿದ್ರೆ ಸಾಕಲ್ಲ!" ಎಂದಳು. ಬೆಳಗಿನ ಜಾವದವರೆಗೂ ಆ ಕೈ ತೆಗೆಯಲಿಲ್ಲ. ನನಗೆ ನಿದ್ದೆ ಹತ್ತಿದ ಮೇಲೆ ಕುತ್ತಿಗೆ ತಾನಾಗಿ ನೆಟ್ಟಗಾದದ್ದನ್ನೂ ಅವಳೇ ನೋಡಿದ್ದು.

ಆಮೇಲಿನ ವಾರ ಮಣಿಪಾಲದಲ್ಲಿ ನರರೋಗದ ಡಾಕ್ಟರ ಮುಂದೆ ನಾನು ಎಕ್ಸ್‌ರೇ ಲಕೋಟೆ ಬಿಚ್ಚುತ್ತಿದ್ದೆ. ಅಕ್ಕ ನಡುವೆ ಬಂದು ನನ್ನ ಗಲ್ಲಕ್ಕೆ ಬೆರಳಿಟ್ಟು ತೋರಿಸಿದಳು, ನಿದ್ದೆಯ ವಿಷಯವನ್ನೂ ಹೇಳಿದಳು. ಡಾಕ್ಟರು ಲಕೋಟೆ ಬದಿಗಿಟ್ಟು "ಇನ್ನೊಮ್ಮೆ ಮಾಡಿ" ಎಂದರು. ಇದು ಸರ್ವೈಕಲ್ ಡಿಸ್ಟೋನಿಯಾ, ಚಲನೆಯನ್ನು ಹದದಲ್ಲಿಡುವ ಮೆದುಳಿನ ಒಳಭಾಗದಿಂದ ಸ್ನಾಯುಗಳಿಗೆ ತಪ್ಪು ಅಪ್ಪಣೆ ಹೋಗುತ್ತಿದೆ, ಎಕ್ಸ್‌ರೇಯಲ್ಲಿ ಇದು ಕಾಣುವುದಿಲ್ಲ, ಮುಟ್ಟಿದರೆ ತಲೆ ನೇರವಾಗುವುದೇ ಇದರ ದೊಡ್ಡ ಗುರುತು ಎಂದರು. ಅಕ್ಕ ಓದಿದ್ದು ಏಳನೇ ತರಗತಿ.

ಬಿಗಿದ ಸ್ನಾಯುವನ್ನು ಸಡಿಲಿಸುವ ಬೊಟುಲಿನಮ್ ಟಾಕ್ಸಿನ್ ಎಂಬ ಮದ್ದಿನ ಇಂಜೆಕ್ಷನ್ ಕೊಡುವಾಗಲೂ ಅವಳು ಸುಮ್ಮನಿರಲಿಲ್ಲ. ತಲೆ ಎಡಕ್ಕೆ ಎಳೆದರೆ ಬಲಗಡೆ ಯಾಕೆ ಚುಚ್ಚುತ್ತೀರಿ ಎಂದು ಕೇಳಿದಳು. ನೀವೇ ಎಡಕ್ಕೆ ತಿರುಗಿ, ಬಲಗಡೆ ಕುತ್ತಿಗೆ ಮುಟ್ಟಿಕೊಳ್ಳಿ ಎಂದರು ಡಾಕ್ಟರು. ಹಗ್ಗದಂತೆ ಉಬ್ಬುವ ಆ ಸ್ನಾಯುವೇ ಮುಖವನ್ನು ಎಡಕ್ಕೆ ತಿರುಗಿಸುವುದು. ಮೊದಲ ಇಂಜೆಕ್ಷನ್ ಆದ ಮೇಲೆ ಎರಡು ವಾರ ನನಗೆ ನುಂಗುವುದೇ ಕಷ್ಟವಾಯಿತು. ಹಾಗಾಗಬಹುದು ಎಂದು ಮೊದಲೇ ಹೇಳಿದ್ದರು. ದಿನಕ್ಕೆ ನಾಲ್ಕು ಸಲ ಗಂಜಿಯನ್ನು ನುಣ್ಣಗೆ ಕಿವುಚಿ, ನಾನು ಒಂದೊಂದೇ ಚಮಚ ನುಂಗುವವರೆಗೆ ಎದುರಿಗೆ ಕೂರುತ್ತಿದ್ದಳು. ಈಗ ನಾಲ್ಕು ಇಂಜೆಕ್ಷನ್ ಮುಗಿದಿವೆ. ಇದು ಪೂರ್ತಿ ಹೋಗುವ ಕಾಯಿಲೆಯಲ್ಲ. 12 ವಾರಕ್ಕೆ ಮದ್ದಿನ ಬಲ ಇಳಿಯುತ್ತದೆ, ಮತ್ತೆ ಹೋಗಬೇಕು. ಹೋಗುತ್ತೇನೆ.

ಪಕ್ಕದ ಮನೆಯ ಕೂಸಿನ ವಿಷಯ ಬರೆಯದಿದ್ದರೆ ಅಕ್ಕನ ಋಣ ಅರ್ಧವೇ ಹೇಳಿದಂತೆ. ಎರಡು ತಿಂಗಳ ಆ ಮಗುವಿಗೆ ಎಣ್ಣೆ ಹಚ್ಚುವಾಗ ತಲೆ ಯಾವಾಗಲೂ ಒಂದೇ ಕಡೆ ವಾಲುವುದನ್ನೂ, ಕುತ್ತಿಗೆಯ ಬದಿಯಲ್ಲಿ ಸಣ್ಣ ಗಂಟಿರುವುದನ್ನೂ ಕಂಡವಳು ಅವಳೇ. ಅಜ್ಜಿ ತಿಕ್ಕಿ ಸರಿಮಾಡುತ್ತೇನೆಂದು ಹೊರಟಿದ್ದರು, ಅಕ್ಕ ಬಿಡಲಿಲ್ಲ. ಅದು ನನ್ನ ಕಾಯಿಲೆಯಲ್ಲ, ಬೇರೆಯೇ. ಕುತ್ತಿಗೆಯ ಸ್ನಾಯು ಗಿಡ್ಡವಾಗಿ ಬಿಗಿದಿತ್ತು. ಮಕ್ಕಳ ಡಾಕ್ಟರು ಸೊಂಟದ ಕೀಲನ್ನೂ ಪರೀಕ್ಷಿಸಿ, ಫಿಸಿಯೋಥೆರಪಿಗೆ ಕಳಿಸಿದರು. ಮೆತ್ತಗೆ ಕುತ್ತಿಗೆ ಹಿಗ್ಗಿಸುವುದು, ಎಚ್ಚರವಿದ್ದಾಗ ಬೋರಲು ಮಲಗಿಸುವುದು, ಆ ಕೂಸು ತಿರುಗಲು ಒಲ್ಲದ ಕಡೆಯಿಂದಲೇ ಮಾತಾಡಿಸುವುದು, ಇಷ್ಟನ್ನೇ ತಾಯಿಗೆ ಕಲಿಸಿದ್ದು. ಮೊದಲ ತಿಂಗಳುಗಳಲ್ಲೇ ಶುರುಮಾಡಿದರೆ ಹೆಚ್ಚಿನ ಮಕ್ಕಳಿಗೆ ಆಪರೇಷನ್ ಬೇಕಾಗುವುದಿಲ್ಲವಂತೆ. ಈಗ ಅದು ಎರಡೂ ಕಡೆ ತಿರುಗಿ ನಗುತ್ತದೆ. ದೊಡ್ಡ ಮಕ್ಕಳಿಗೆ ಬಿದ್ದ ಮೇಲೋ, ಗಂಟಲುನೋವು ಜ್ವರದ ಬೆನ್ನಿಗೋ ಕುತ್ತಿಗೆ ಸೊಟ್ಟಗಾದರೆ ದಯವಿಟ್ಟು ಯಾರ ಕೈಯಲ್ಲೂ ತಿರುವಿಸಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಅಕ್ಕ, ನೀನು ಫೋನಿನಲ್ಲಿ ಇಷ್ಟುದ್ದ ಓದುವುದಿಲ್ಲ ಎಂದು ಗೊತ್ತು. ಮಗಳಿಗೆ ಹೇಳಿದ್ದೇನೆ, ಸಂಜೆ ದೀಪ ಹಚ್ಚಿದ ಮೇಲೆ ಅವಳೇ ಬಂದು ಓದುತ್ತಾಳೆ. ಆಷಾಢದ ರಾತ್ರಿಯದನ್ನೂ ಬಿಡದೆ ಓದು ಎಂದಿದ್ದೇನೆ.