ಲೀವ್ ಅಂತ ಕರೆದು ನೋಡಿದೆ

ಪುಟ್ಟೀ,

ಕಾಗದದಲ್ಲಿ ಉಳಿದದ್ದೆಲ್ಲ ಓದಿ ಮಡಚಿಟ್ಟೆ. ಒಂದು ಸಾಲು ಮಾತ್ರ ನಿದ್ದೆ ಕೆಡಿಸಿತು. "ಹೆಸರು ಹಿಡಿದು ಕರೆದರೆ ಯಾರ ಮನೆ ಮಗುವನ್ನೋ ಕರೆದ ಹಾಗಾಗುತ್ತೆ ದೊಡ್ಡಮ್ಮ" ಅಂತ ಬರೆದಿದ್ದೀಯಲ್ಲ, ಅದು.

ಲೀವ್. ನಾರ್ವೆಯಲ್ಲಿ ಹುಟ್ಟಿದ ನಿನ್ನ ಮಗಳಿಗೆ ಅಳಿಯಂದಿರ ಅಜ್ಜಿಯ ಹೆಸರು. ಅಡುಗೆಮನೆಯಲ್ಲಿ ಒಬ್ಬಳೇ ಕರೆದು ನೋಡಿದೆ. ಮೊದಲು ರಜೆಯ ಲೀವ್ ಅಂತಲೇ ಕಿವಿಗೆ ಬಿತ್ತು. ಆಮೇಲೆ ಸಿಕ್ಕಿದ್ದೆಲ್ಲ ಓದಿದೆ. ನಾರ್ವೆಯ ಹಳೆಯ ಮಾತಿನಲ್ಲಿ ಅದು 'ಹ್ಲೀವ್'. ಅಂದರೆ ಆಸರೆ, ಕಾಪು. ಐಸ್‌ಲ್ಯಾಂಡಿನಲ್ಲಿ ಇವತ್ತಿಗೂ ಹೆಣ್ಣುಮಕ್ಕಳಿಗೆ ಆ ಹೆಸರಿದೆ. ನಾರ್ವೆಯಲ್ಲಿ ಮೊದಲಿನ ಹಕಾರ ಉದುರಿತು. ಉದುರಿದ ಮೇಲೆ, ಜೀವಕ್ಕೆ ಅವರಲ್ಲಿರುವ ಪದದ ಜೊತೆ ಬೆರೆತುಹೋಯಿತು. ಈಗ ಅಲ್ಲಿ ಯಾರನ್ನು ಕೇಳಿದರೂ ಲೀವ್ ಅಂದರೆ ಜೀವ ಅನ್ನುತ್ತಾರೆ. ನಿಮ್ಮಮ್ಮ ನಿನ್ನನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವಾಗ "ನನ್ನ ಜೀವಾ" ಅನ್ನುತ್ತಿದ್ದಳು. ಅದೇ ಮಾತಲ್ವಾ ಇದು?

ನಾರ್ವೆಯ ನಟಿ ಲೀವ್ ಉಲ್‌ಮನ್ 1938ರಲ್ಲಿ ಹುಟ್ಟಿದ್ದು ಟೋಕಿಯೋದಲ್ಲಿ. ಅವರಪ್ಪ ಅಮ್ಮ ಅಷ್ಟು ದೂರದಲ್ಲೂ ತಮ್ಮ ಕಡೆಯ ಹೆಸರನ್ನೇ ಇಟ್ಟರು. ನೀನು ಹಾಗೆ ನಮ್ಮ ಕಡೆಯ ಹೆಸರಿಡಲಿಲ್ಲ ಅನ್ನೋ ನೋವಾ ನಿನಗೆ? ಯಾರ ಮನೆ ಮಗು ಅಂತ ಅನ್ನಿಸೋದು ಅದಕ್ಕೇನಾ?

ನನಗೆ ಮದುವೆಯಲ್ಲಿ ಹೆಸರು ಬದಲಾಯಿಸಿದರು, ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆದು. ವರ್ಷದವರೆಗೂ ಯಾರಾದರೂ ಕೂಗಿದರೆ ನಾನು ತಿರುಗುತ್ತಿರಲಿಲ್ಲ. ಸೊಕ್ಕು ಅಂದುಕೊಂಡರು. ಅಪ್ಪ ಮೊದಲ ಸಲ ನೋಡೋಕೆ ಬಂದಾಗ ಯಾವ ಹೆಸರು ಹಿಡಿದು ಕರೆಯಬೇಕೋ ತಿಳಿಯದೆ, ಬಾಗಿಲಲ್ಲಿ ನಿಂತು ಕೆಮ್ಮಿದರು. "ಹಳೇ ಹೆಸರೇ ಕರೀರಿ ಅಪ್ಪಾ" ಅನ್ನಬೇಕಿತ್ತು. ಅನ್ನಲಿಲ್ಲ. ಸಾಯೋತನಕ ಅವರು ನನ್ನನ್ನು ಹೆಸರು ಹಿಡಿದು ಕರೆಯಲೇ ಇಲ್ಲ.

ಅದಕ್ಕೇ ನಿನ್ನ ಸಾಲು ಓದಿ ಹೆದರಿದೆ. ಬಾಯಿಗೆ ಒಗ್ಗಲಿಲ್ಲ ಅಂತ ನೀನು ಕರೆಯೋದನ್ನೇ ಬಿಟ್ಟುಬಿಡಬೇಡ. ನೀರು ಹಾಕುವಾಗ ಕರಿ, ಹಾಲು ಕುಡಿಸುವಾಗ ಕರಿ.

ಹೇಳಬೇಕೋ ಬೇಡವೋ, ಅಲ್ಲಿ ಹುಟ್ಟಿದ ಆರು ತಿಂಗಳೊಳಗೆ ಹೆಸರು ಬರೆಸಿದರೆ ಸಾಕಂತೆ. ಎರಡನೇ ಹೆಸರೂ ಸೇರಿಸಬಹುದು. ನಿಮ್ಮಮ್ಮನ ಹೆಸರು ನೆನಪಾಯಿತು, ಅಷ್ಟೇ. ಅಳಿಯಂದಿರನ್ನು ಕೇಳು. ಅವರಜ್ಜಿಯ ಹೆಸರನ್ನು ಮಾತ್ರ ತೆಗೆಯಬೇಡಿ.

ಭಾನುವಾರ ಫೋನ್ ಮಾಡಿದಾಗ ಮಗುವಿನ ಕಿವಿ ಹತ್ತಿರ ಹಿಡಿ. ನಾನೇ ಕರೀತೀನಿ. ಆ 'ಲೀ' ಎಷ್ಟು ಎಳೆಯಬೇಕು ಅಂತ ಮೊದಲು ಹೇಳಿಕೊಡು.

ನಿನ್ನ ದೊಡ್ಡಮ್ಮ