ಒಣಗಿದೆ ಎಂದು ಡಬ್ಬ ಹೇಳಿತು, ಪೆಟ್ಟಿಗೆಗಳು ಒಪ್ಪಲಿಲ್ಲ

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ
ಪ್ರತಿ: ತಾಂತ್ರಿಕ ವಿಭಾಗ

ವಿಷಯ: ಸ್ಪೀಕರ್ ಪೆಟ್ಟಿಗೆಗಳಿಗೆಂದು ನೀವು ಮಾರುವ ಕಪ್ಪು ಲೇಪನ ಒಂದಕ್ಕೊಂದು ಅಂಟಿ ಕಿತ್ತುಬಂದಿರುವುದು ಮತ್ತು ಅದಕ್ಕೆ ಪರಿಹಾರವೆಂದು ಪೆಟ್ಟಿಗೆಗೆ ಹೊದಿಸುವ ಕಾರ್ಪೆಟ್ ಕಳುಹಿಸಿರುವುದು.

ಮಾನ್ಯರೇ,

ನನ್ನ ಹಿಂದಿನ ಎರಡು ದೂರುಗಳಿಗೆ ನಿಮ್ಮಿಂದ ಬಂದದ್ದು ಒಂದೇ ಸಾಲಿನ ಉತ್ತರ: “ಮೇಲ್ಮೈಯನ್ನು ಸರಿಯಾಗಿ ಸಿದ್ಧಪಡಿಸದ ಕಾರಣ ಹೀಗಾಗಿದೆ.” ಎರಡು ಸಲವೂ ಅಕ್ಷರ ಬಿಡದೆ ಅದೇ ಸಾಲು. ನಾನು ಕಳುಹಿಸಿದ್ದ ಹನ್ನೊಂದು ಚಿತ್ರಗಳನ್ನು ಯಾರಾದರೂ ತೆರೆದು ನೋಡಿದ್ದರೆ ಹಾಗೆ ಬರೆಯಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ. ಆದ್ದರಿಂದ ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಸ್ಪೀಕರ್ ಪೆಟ್ಟಿಗೆಯನ್ನು ಜೀವಮಾನದಲ್ಲಿ ಒಮ್ಮೆಯಾದರೂ ಎತ್ತಿ ಇಳಿಸಿದವರ ಕೈಗೆ ಈ ಪತ್ರ ತಲುಪಲಿ ಎಂದು ಕೋರುತ್ತೇನೆ.

ನಾನು ಮಾಡಿದ್ದು ನಾಲ್ಕು ಪೆಟ್ಟಿಗೆಗಳು. 15 ಇಂಚಿನ ಸ್ಪೀಕರ್ ಕೂರುವ ಎರಡು ಬೇಸ್ (ತಗ್ಗು ಸ್ವರದ) ಪೆಟ್ಟಿಗೆಗಳು, ಅವುಗಳ ಮೇಲೆ ಕೂರಿಸಲು 12 ಇಂಚಿನ ಎರಡು ಮೇಲ್ಪೆಟ್ಟಿಗೆಗಳು. ಎಲ್ಲವೂ 18 ಮಿ.ಮೀ. ಪ್ಲೈವುಡ್‌ನವು, ಅಳತೆ ಹಾಕಿ ಕತ್ತರಿಸಿದ್ದರಿಂದ ಹಿಡಿದು ಸ್ಪೀಕರಿನ ತೂತು ಕೊರೆಯುವವರೆಗೆ ಎಲ್ಲವೂ ನನ್ನ ಕೈಕೆಲಸ. ನೀವು ಅನುಮಾನಿಸಿರುವುದು ಈ ಕೆಲಸವನ್ನೇ ಆದ್ದರಿಂದ ಹೇಳಲೇಬೇಕಾಗಿದೆ. ಪ್ಲೈವುಡ್ ಅಂಚಿನಲ್ಲಿ ಪದರಗಳ ನಡುವೆ ಕಾಣುವ ಪೊಳ್ಳುಗಳನ್ನು, ಸ್ಕ್ರೂ ತಲೆಗಳ ಕುಳಿಗಳನ್ನು ಮರದ ಪುಟ್ಟಿಯಿಂದ ತುಂಬಿದೆ. ಅದು ಒಣಗಿದ ಮೇಲೆ 120 ನಂಬರಿನ ಉಪ್ಪುಕಾಗದದಿಂದ ಇಡೀ ಮೈ ಉಜ್ಜಿದೆ. ಹೊರ ಅಂಚುಗಳನ್ನೆಲ್ಲ ಮರದ ಅಂಚು ಕೊರೆಯುವ ಯಂತ್ರವಾದ ರೌಟರ್‌ನಿಂದ 6 ಮಿ.ಮೀ. ದುಂಡಗೆ ಮಾಡಿದೆ, ಏಕೆಂದರೆ ಚೂಪಾದ ಅಂಚಿನಲ್ಲಿ ಹಸಿ ಬಣ್ಣ ನಿಲ್ಲುವುದಿಲ್ಲ. ಅದು ಎರಡೂ ಬದಿಗೆ ಸರಿದುಕೊಂಡು, ಹೆಚ್ಚು ಪೆಟ್ಟು ಬೀಳುವ ಜಾಗದಲ್ಲಿಯೇ ಪದರ ತೆಳುವಾಗಿ ಉಳಿಯುತ್ತದೆ. ಧೂಳನ್ನು ಮೊದಲು ವ್ಯಾಕ್ಯೂಮ್‌ನಿಂದ ಎಳೆದು, ನಂತರ ಒದ್ದೆ ಬಟ್ಟೆಯಿಂದ ಒರೆಸಿ, ಒಂದು ರಾತ್ರಿ ಬಿಟ್ಟೆ. ಸ್ಪೀಕರ್ ಕೂರುವ ತಗ್ಗುಗಳಿಗೂ ಸ್ಪೀಕರಿನ ಬೋಲ್ಟು ಕಚ್ಚಿಕೊಳ್ಳುವ ಟೀ ನಟ್‌ಗಳ ತೂತುಗಳಿಗೂ ಟೇಪ್ ಅಂಟಿಸಿದೆ. ಪ್ರೈಮರ್ ಹಾಕಲಿಲ್ಲ. “ಬರಿಯ ಮರಕ್ಕೆ ನೇರವಾಗಿ ಹಚ್ಚಬಹುದು, ಪ್ರೈಮರ್ ಅಗತ್ಯವಿಲ್ಲ” ಎಂದು ನಿಮ್ಮ ಡಬ್ಬದ ಮೇಲೆಯೇ ದಪ್ಪ ಅಕ್ಷರಗಳಲ್ಲಿದೆ.

ನೀರು ಬೆರೆಸದೆ, ನೀವೇ ಮಾರುವ ಜೇನುಗೂಡಿನಂತಹ ರೋಲರ್‌ನಿಂದ, ನಾಲ್ಕು ಗಂಟೆಗಳ ಅಂತರದಲ್ಲಿ ಎರಡು ಕೋಟ್ ಹೊಡೆದೆ. ಎರಡರಿಂದ ಆರು ಗಂಟೆಗಳ ಒಳಗೆ ಎರಡನೆಯದನ್ನು ಹಚ್ಚಬೇಕು ಎಂಬುದು ನಿಮ್ಮ ಸೂಚನೆ. ಕೋಣೆಯ ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 60ರ ಆಸುಪಾಸು. ಮಾಪಕ ಗೋಡೆಯ ಮೇಲೆಯೇ ಇದೆ, ಊಹಿಸಿ ಹೇಳುತ್ತಿಲ್ಲ. ಕೆಲಸ ಮುಗಿದಾಗ ಪೆಟ್ಟಿಗೆಗಳು ನಿಜಕ್ಕೂ ಚೆನ್ನಾಗಿ ಕಂಡವು, ಅದನ್ನು ಮುಚ್ಚಿಡುವುದಿಲ್ಲ. ಸಣ್ಣ ತರಿತರಿಯಾದ ಮಟ್ಟಸ ಕಪ್ಪು, ಬೆಳಕು ಬಿದ್ದರೆ ಹೊಳಪಿಲ್ಲ, ಪುಟ್ಟಿ ತುಂಬಿದ ಜಾಗ ಯಾವುದೆಂದು ನನಗೇ ಗುರುತು ಸಿಗಲಿಲ್ಲ. ಎರಡು ದಿನ ಸುಮ್ಮನೆ ಅವುಗಳ ಸುತ್ತ ಓಡಾಡಿದ್ದೇನೆ.

ಡಬ್ಬದ ಮೇಲೆ ಬರೆದಿರುವುದು “24 ಗಂಟೆಗಳಲ್ಲಿ ಬಳಕೆಗೆ ಸಿದ್ಧ” ಎಂದು. ನಾನು ಕಾದದ್ದು ಐದು ದಿನ. ಆ ಮೇಲೆ ಮೇಲ್ಪೆಟ್ಟಿಗೆಗಳನ್ನು ಬೇಸ್ ಪೆಟ್ಟಿಗೆಗಳ ಮೇಲೆ ಕೂರಿಸಿದೆ. ಒಂದು ಜೋಡಿಯ ನಡುವೆ ಗೀರು ಬೀಳದಿರಲೆಂದು ರಟ್ಟಿನ ಹಾಳೆ ಇಟ್ಟಿದ್ದೆ, ಇನ್ನೊಂದಕ್ಕೆ ರಟ್ಟು ಸಾಲದೆ ಹಾಗೆಯೇ ಬಿಟ್ಟೆ. ಆರು ದಿನಗಳ ನಂತರ ಒಂದು ಕಾರ್ಯಕ್ರಮಕ್ಕೆ ಒಯ್ಯಲೆಂದು ರಟ್ಟಿಲ್ಲದ ಜೋಡಿಯನ್ನು ಎತ್ತಲು ಹೋದರೆ ಮೇಲಿನದರ ಜೊತೆಗೆ ಕೆಳಗಿನದೂ ಏಳತೊಡಗಿತು. ಇಬ್ಬರು ಸೇರಿ, ಒಬ್ಬರು ಬೇಸ್ ಪೆಟ್ಟಿಗೆಯನ್ನು ಮಂಡಿಯಿಂದ ಒತ್ತಿ ಹಿಡಿದು, ಇನ್ನೊಬ್ಬರು ಮೇಲಿನದನ್ನು ತಿರುಚಿ ಎಳೆದಾಗ ಬಟ್ಟೆ ಹರಿದ ಸದ್ದು ಬಂತು. ಬೇಸ್ ಪೆಟ್ಟಿಗೆಯ ನೆತ್ತಿಯ ಮೇಲೆ ಅಂಗೈಯಗಲದ ಮೂರು ಕಡೆ ಮರ ಬೆತ್ತಲಾಗಿತ್ತು. ಆ ಲೇಪನ ಮೇಲ್ಪೆಟ್ಟಿಗೆಯ ತಳಕ್ಕೆ ಹೋಗಿ ಕೂತಿತ್ತು. ರಟ್ಟು ಇಟ್ಟ ಜೋಡಿಯ ಕಥೆ ಬೇರೆ. ರಟ್ಟಿನ ಮೇಲ್ಪದರ ಪೆಟ್ಟಿಗೆಗೆ ಅಂಟಿಕೊಂಡು ಬಂದಿತ್ತು. ಅದರಲ್ಲಿ ಅಚ್ಚಾಗಿದ್ದ ಅಕ್ಷರಗಳು ಕನ್ನಡಿಯಲ್ಲಿ ಕಾಣುವಂತೆ ತಿರುಗುಮುರುಗಾಗಿ ನನ್ನ ಕಪ್ಪು ಪೆಟ್ಟಿಗೆಯ ಮೇಲೆ ಮೂಡಿದ್ದವು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ.

ಈಗ ನಿಮ್ಮ ಒಂದು ಸಾಲಿನ ಉತ್ತರಕ್ಕೆ ಬರುತ್ತೇನೆ. ಮೇಲ್ಮೈ ಸಿದ್ಧತೆ ಕೆಟ್ಟಿದ್ದರೆ ಲೇಪನ ಮರವನ್ನು ಬಿಟ್ಟು ಬರುತ್ತದೆ. ಹಾಗೆ ಬಂದ ಸಿಪ್ಪೆಯ ಹಿಂಬದಿ ನುಣುಪಾಗಿರುತ್ತದೆ, ಹೆಚ್ಚೆಂದರೆ ಉಜ್ಜಿದ ಧೂಳು ಇರುತ್ತದೆ. ನನ್ನಲ್ಲಿ ಕಿತ್ತುಬಂದ ಸಿಪ್ಪೆಯ ಹಿಂಬದಿಯಲ್ಲಿ ಮರದ ನಾರುಗಳಿವೆ. ಏಳನೆಯ ಚಿತ್ರದಲ್ಲಿ ಅದು ಬರಿಗಣ್ಣಿಗೆ ಕಾಣುತ್ತದೆ. ಎಂದರೆ ಲೇಪನ ಮರವನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ, ಅದು ಬಿಡುವ ಮೊದಲು ಮರದ ಮೇಲ್ಪದರವೇ ಹರಿಯಿತು. ಮರಕ್ಕೂ ಲೇಪನಕ್ಕೂ ಜಗಳವಿರಲಿಲ್ಲ. ಎರಡು ಲೇಪನಗಳು ತಮ್ಮತಮ್ಮಲ್ಲೇ ಒಂದಾಗಿಬಿಟ್ಟವು, ಅದೇ ತೊಂದರೆ. ನನ್ನ ಮೇಲೆ ಹೊರಿಸಿದ ಆರೋಪವನ್ನು ನಿಮ್ಮದೇ ಲೇಪನ ಅಲ್ಲಗಳೆಯುತ್ತಿದೆ.

ಹೀಗೇಕೆ ಆಗುತ್ತದೆ ಎಂಬುದು ನಿಮ್ಮ ತಾಂತ್ರಿಕ ವಿಭಾಗಕ್ಕೆ ಗೊತ್ತಿಲ್ಲದ ವಿಷಯವೇನಲ್ಲ. ನೀರಿನಾಧಾರದ ಅಕ್ರಿಲಿಕ್ ಲೇಪನದಲ್ಲಿ ಮೊದಲು ನೀರು ಆರುತ್ತದೆ. ಆಗ ಕೈಗೆ ಒಣಗಿದಂತೆ ತೋರುತ್ತದೆ. ಆದರೆ ಒಳಗಿನ ಕಣಗಳು ಮೆತ್ತಗಾಗಿ ಒಂದರೊಳಗೊಂದು ಬೆಸೆಯಲೆಂದು ಬೆರೆಸಿದ ದ್ರವ ಇನ್ನೂ ಒಳಗೇ ಇರುತ್ತದೆ, ಮೆಲ್ಲಗೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಹೊರಟುಹೋಗುತ್ತಿರುತ್ತದೆ. ಪದರ ದಪ್ಪವಾದಷ್ಟೂ ಅದು ತಡ. ಅಲ್ಲಿಯವರೆಗೆ ಲೇಪನ ಮೆತ್ತಗಿರುತ್ತದೆ. ಎರಡು ಮೆತ್ತನೆಯ ಮೈಗಳನ್ನು ಭಾರ ಹೇರಿ ಒತ್ತಿದರೆ ಬೆಸುಗೆ ಅವುಗಳ ನಡುವೆಯೂ ನಡೆಯುತ್ತದೆ. ಒಣಗುವುದು ಬೇರೆ, ಗಟ್ಟಿಯಾಗುವುದು ಬೇರೆ. ನಿಮ್ಮ ಡಬ್ಬ ಮೊದಲನೆಯದನ್ನು ಎರಡನೆಯದೆಂದು ಮಾರುತ್ತಿದೆ. ನನ್ನ ದೂರಿನ ತಿರುಳು ಇಷ್ಟೇ. ಸ್ಪೀಕರ್ ಪೆಟ್ಟಿಗೆಗಳ ‘ಬಳಕೆ’ ಎಂದರೆ ಒಂದರ ಮೇಲೊಂದು ಪೇರಿಸುವುದು, ವಾಹನದಲ್ಲಿ ಒತ್ತಾಗಿ ತುಂಬುವುದು. ಅದಕ್ಕೆಂದೇ ಮಾರುವ ವಸ್ತುವಿನ ಮೇಲೆ “24 ಗಂಟೆಗಳಲ್ಲಿ ಬಳಕೆಗೆ ಸಿದ್ಧ” ಎಂದು ಬರೆಯುವ ಧೈರ್ಯ ಯಾರಿಗೆ ಬಂತೋ ತಿಳಿಯದು.

ಮಾತಿಗಿಂತ ಪರೀಕ್ಷೆ ಮೇಲೆಂದು, ಉಳಿದಿದ್ದ ಅರ್ಧ ಲೀಟರಿನಲ್ಲಿ ಒಂದು ಕೆಲಸ ಮಾಡಿದೆ. 10 ಸೆಂ.ಮೀ. ಚೌಕದ ಹನ್ನೆರಡು ಪ್ಲೈವುಡ್ ತುಂಡುಗಳಿಗೆ ಅದೇ ರೀತಿ ಎರಡು ಕೋಟ್ ಹಚ್ಚಿದೆ. ನನ್ನ ಮೇಲ್ಪೆಟ್ಟಿಗೆಯ ತೂಕ 22 ಕಿಲೋ, ತಳದ ಅಳತೆ 38 ಸೆಂ.ಮೀ.ಗೆ 35 ಸೆಂ.ಮೀ. ಆ ಭಾರ 10 ಸೆಂ.ಮೀ. ಚೌಕದ ಪಾಲಿಗೆ ಸುಮಾರು 1.7 ಕಿಲೋ ಬರುತ್ತದೆ. ಅಷ್ಟೇ ತೂಕವನ್ನು ಒಂದೊಂದು ಜೋಡಿಯ ಮೇಲೆ ಎರಡು ದಿನ ಹೇರಿದೆ. ಮೊದಲ ಜೋಡಿಗೆ ಲೇಪನ ಹಚ್ಚಿದ 1 ದಿನಕ್ಕೆ, ಉಳಿದವುಗಳಿಗೆ ಕ್ರಮವಾಗಿ 4, 7, 14, 21 ಮತ್ತು 30 ದಿನಗಳಿಗೆ. ಮೊದಲ ಎರಡು ಜೋಡಿಗಳನ್ನು ಉಳಿಯಿಲ್ಲದೆ ಬಿಡಿಸಲಾಗಲಿಲ್ಲ. ಏಳು ದಿನದ್ದು ಹರಿದುಕೊಂಡು ಬಂತು. ಹದಿನಾಲ್ಕರದ್ದು ಅಲ್ಲಲ್ಲಿ ಚೂರುಗಳನ್ನು ಬಿಟ್ಟಿತು, ಇಪ್ಪತ್ತೊಂದರದ್ದು ಚಟಪಟ ಸದ್ದು ಮಾಡಿ ಬಿಡಿಸಿಕೊಂಡರೂ ಮುಟ್ಟಿದಲ್ಲೆಲ್ಲ ಹೊಳಪಿನ ಕಲೆ ಉಳಿಸಿತು. ಮೂವತ್ತು ದಿನದ ಜೋಡಿ ಮಾತ್ರ ಎತ್ತಿದೊಡನೆ ಬೇರೆಯಾಯಿತು. ಹನ್ನೆರಡು ತುಂಡುಗಳನ್ನೂ ದಿನಾಂಕ ಬರೆದು ಇಟ್ಟಿದ್ದೇನೆ.

ಇದು ಒಂದು ಕೆಟ್ಟ ಡಬ್ಬದ ಕಥೆಯೂ ಅಲ್ಲ. ನಾನು ಬಳಸಿದ ಡಬ್ಬಗಳ ಮೇಲೆ ಎರಡು ಬೇರೆ ಬೇರೆ ಬ್ಯಾಚ್ ಸಂಖ್ಯೆಗಳಿವೆ, ಎರಡೂ ಒಂದೇ ರೀತಿ ನಡೆದುಕೊಂಡವು. ಏಕೆ ಎರಡು ಬ್ಯಾಚ್ ಎಂದರೆ, ಅದೂ ನಿಮ್ಮ ಬರಹದ ಪ್ರಸಾದವೇ. “1 ಲೀಟರಿನಲ್ಲಿ 10 ಚದರ ಮೀಟರ್, ಎರಡು ಕೋಟ್” ಎಂದು ಡಬ್ಬದ ಒಂದು ಬದಿಯಲ್ಲಿದೆ. ನನ್ನ ನಾಲ್ಕು ಪೆಟ್ಟಿಗೆಗಳ ಹೊರಮೈ ಒಟ್ಟು 5.6 ಚದರ ಮೀಟರ್. ಒಂದು ಲೀಟರ್ ತಂದರೆ ಉಳಿಯಬೇಕಿತ್ತು. ಮೊದಲ ಕೋಟ್ ಮುಗಿಯುವ ಮುಂಚೆಯೇ ಡಬ್ಬ ಬರಿದಾಯಿತು. ರೋಲರ್ ಒಣಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟು ಇನ್ನೂ ಎರಡು ಲೀಟರ್ ತರಲು ಓಡಿದೆ. ಒಟ್ಟು ಹಿಡಿದದ್ದು ಎರಡೂವರೆ ಲೀಟರ್. ಡಬ್ಬದ ಇನ್ನೊಂದು ಬದಿಯಲ್ಲಿ “ಒಣಗಿದ ನಂತರ ಅರ್ಧ ಮಿಲಿಮೀಟರ್ ದಪ್ಪದ ರಕ್ಷಣೆ” ಎಂದಿದೆ. ಇದಕ್ಕೆ ತಾಂತ್ರಿಕ ವಿಭಾಗವೂ ಬೇಡ, ಶಾಲೆಯ ಗಣಿತ ಸಾಕು. ಒಂದು ಲೀಟರ್ ದ್ರವವನ್ನು ಒಂದು ಚದರ ಮೀಟರಿನಲ್ಲಿ ಹರಡಿದರೆ ದಪ್ಪ ಒಂದು ಮಿಲಿಮೀಟರ್. ಹತ್ತು ಚದರ ಮೀಟರಿನಲ್ಲಿ ಹರಡಿದರೆ ಅದರ ಹತ್ತನೆಯ ಒಂದು ಭಾಗ, ಅದೂ ಹಸಿಯಿದ್ದಾಗ. ನೀರು ಆರಿದ ಮೇಲೆ ಇನ್ನೂ ಕಡಿಮೆ. ಅದು ಅರ್ಧ ಮಿಲಿಮೀಟರ್ ಆಗುವುದು ಯಾವ ಲೆಕ್ಕದಲ್ಲಿ? ಒಂದು ಬದಿ ನಿಜವಾದರೆ ಇನ್ನೊಂದು ಸುಳ್ಳು. ನನ್ನ ಅನುಭವದಲ್ಲಂತೂ ಎರಡೂ ಸುಳ್ಳು.

ದೂರವಾಣಿಯಲ್ಲಿ ಮಾತನಾಡಿದ ನಿಮ್ಮ ಸಿಬ್ಬಂದಿ ಸೌಜನ್ಯದಿಂದಲೇ ಮಾತನಾಡಿದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರು ಕೊಟ್ಟ ಸಲಹೆ, ಪೆಟ್ಟಿಗೆಗಳನ್ನು ಬಿಸಿಲಿಗೆ ಇಡಿ ಎಂಬುದು. ಕಪ್ಪು ಪೆಟ್ಟಿಗೆ ಬಿಸಿಲಲ್ಲಿ ಎಷ್ಟು ಕಾಯುತ್ತದೆ ಎಂಬುದನ್ನು ಮುಟ್ಟಿ ನೋಡಿದವರಿಗೆ ಹೇಳಬೇಕಿಲ್ಲ. ಇಂತಹ ಲೇಪನ ಶಾಖಕ್ಕೆ ಇನ್ನಷ್ಟು ಮೆತ್ತಗಾಗುತ್ತದೆ. ಯಾರಾದರೂ ನಂಬಿ ಪೇರಿಸಿದ ಪೆಟ್ಟಿಗೆಗಳನ್ನೇ ಬಿಸಿಲಿಗೆ ಇಟ್ಟಿದ್ದರೆ ಬಿಡಿಸಲು ಗರಗಸ ಬೇಕಾಗುತ್ತಿತ್ತು.

ಇನ್ನು ಕಾರ್ಪೆಟ್. ನಾನು ಕೇಳಿರಲಿಲ್ಲ, ಒಪ್ಪಿಯೂ ಇರಲಿಲ್ಲ. ಆದರೂ ಕಳೆದ ವಾರ ಒಂದು ಸುರುಳಿ ಬೂದು ಕಾರ್ಪೆಟ್, ಒಂದು ಡಬ್ಬ ಅಂಟು ಮತ್ತು “ಹಾಳಾದ ಲೇಪನದ ಮೇಲೆಯೇ ಅಂಟಿಸಬಹುದು” ಎಂಬ ಚೀಟಿ ಬಂದಿದೆ. ಕಾರ್ಪೆಟ್ ಬಗ್ಗೆ ನನಗೆ ತಾತ್ಸಾರವಿಲ್ಲ. ನನ್ನ ಹಳೆಯ ಜೋಡಿಗೆ ನಾನೇ ಕಾರ್ಪೆಟ್ ಹೊದಿಸಿದ್ದೆ, ಹತ್ತು ವರ್ಷ ದುಡಿದವು. ಅಂಟನ್ನು ಮರಕ್ಕೂ ಕಾರ್ಪೆಟ್ ಬೆನ್ನಿಗೂ ಹಚ್ಚಿ, ಬೆರಳಿಗೆ ಹತ್ತದಷ್ಟು ಒಣಗುವವರೆಗೆ ಕಾದು, ಒಂದೇ ಏಟಿಗೆ ಸರಿಯಾಗಿ ಕೂರಿಸಬೇಕು. ತಾಗಿದ ಮೇಲೆ ಸರಿಸುವ ಮಾತಿಲ್ಲ. ಕೂಡುವಲ್ಲಿ ಒಂದರ ಮೇಲೊಂದು ಇಟ್ಟು ಎರಡನ್ನೂ ಒಟ್ಟಿಗೆ ಹೊಸ ಬ್ಲೇಡಿನಿಂದ ಕೊಯ್ದರೆ ಗೆರೆ ಕಾಣುವುದಿಲ್ಲ. ಮರಗೆಲಸದ ಸಣ್ಣಪುಟ್ಟ ಪಾಪಗಳನ್ನೆಲ್ಲ ಅದು ಮುಚ್ಚಿಹಾಕುತ್ತದೆ, ನನ್ನವನ್ನೂ ಮುಚ್ಚಿತ್ತು. ಆದರೆ ಧೂಳು ಕುಡಿಯುತ್ತದೆ, ಒಮ್ಮೆ ನೆನೆದರೆ ಮುಗ್ಗಲು ವಾಸನೆ ಬಿಡುವುದಿಲ್ಲ, ಎಳೆದಾಡುವ ಮೂಲೆಗಳಲ್ಲಿ ಎಳೆ ಬಿಚ್ಚುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿಬಿಡಬಹುದಾದ ಮೈ ಬೇಕೆಂದೇ ಈ ಸಲ ಲೇಪನ ಆರಿಸಿಕೊಂಡೆ. ಅದನ್ನು ಕೊಂಡವನಿಗೆ ಇದನ್ನು ಕಳುಹಿಸಿದರೆ ಪರಿಹಾರವಾಗುವುದಿಲ್ಲ.

ನಿಮ್ಮ ಚೀಟಿಯ ಮಾತನ್ನು ನಂಬಿದ್ದರೆ ಇನ್ನೂ ಕೆಡುತ್ತಿತ್ತು. ಕಳುಹಿಸಿದ ಅಂಟು ದ್ರಾವಕದ್ದು, ಎಂದರೆ ಬಣ್ಣವನ್ನು ಕರಗಿಸಬಲ್ಲ ದ್ರವ ಬೆರೆತದ್ದು. ಅದನ್ನು ಗಟ್ಟಿಯಾಗದ ಲೇಪನದ ಮೇಲೆ ಹಚ್ಚಿ ನೋಡಿದೆ, ಪರೀಕ್ಷೆಯ ಒಂದು ತುಂಡಿನ ಮೇಲೆ. ಹತ್ತು ನಿಮಿಷಕ್ಕೆ ಲೇಪನ ಉಬ್ಬಿ ಸುಕ್ಕುಗಟ್ಟಿತು. ಅಂತಹ ಮೈಗೆ ಅಂಟಿಸಿದ ಕಾರ್ಪೆಟ್ ಅದೇ ಮೈಯನ್ನು ಹೊತ್ತುಕೊಂಡು ಬಿಚ್ಚಿಕೊಳ್ಳುತ್ತದೆ. ಇದಲ್ಲದೆ ಹಿಡಿಗಳ ತಗ್ಗು, ಮುಂಭಾಗದ ಜಾಲರಿ, ಎಲ್ಲವನ್ನೂ ಲೇಪನದ ತೆಳುವಿಗೆ ಸರಿಯಾಗಿ ಕತ್ತರಿಸಿದ್ದೇನೆ. ಮೂರು ಮಿಲಿಮೀಟರ್ ಕಾರ್ಪೆಟ್ ಸೇರಿದರೆ ಜಾಲರಿ ಕೂರುವುದಿಲ್ಲ. ಅದು ಸ್ಪೀಕರಿನ ಚೌಕಟ್ಟಿನ ಅಡಿಗೆ ನುಗ್ಗಿದರಂತೂ ಎಳೆಗಳ ನಡುವಿನಿಂದ ಗಾಳಿ ಸೋರಿ ಬೇಸ್ ಸ್ವರದಲ್ಲಿ ಉಸ್ಸೆನ್ನುವ ಸದ್ದು ಸೇರುತ್ತದೆ.

ಒಂದು ಬೇಸ್ ಪೆಟ್ಟಿಗೆಯ ಲೇಪನವನ್ನು ನಾನೇ ತೆಗೆದಿದ್ದೇನೆ. ಅರೆಗಟ್ಟಿ ಲೇಪನ ಉಪ್ಪುಕಾಗದಕ್ಕೆ ಮೆತ್ತಿಕೊಂಡು ಎರಡು ಉಜ್ಜಿಗೆ ಒಂದು ಹಾಳೆ ಸಾಯುತ್ತದೆ. ಕೊನೆಗೆ ಕೆರೆಯುವ ಅಲಗೇ ಗತಿಯಾಯಿತು. ಎರಡು ರಜಾದಿನ ಹೋದವು. ಉಳಿದ ಮೂರಕ್ಕೆ ಇನ್ನೂ ಕೈ ಹಾಕಿಲ್ಲ.

ನಾನು ಕೇಳುತ್ತಿರುವುದು ಹೆಚ್ಚೇನಲ್ಲ. ಮೂರು ಲೀಟರ್ ಲೇಪನ ಮತ್ತು ರೋಲರ್‌ನ ಹಣ ಪೂರ್ತಿ ಮರಳಬೇಕು. ಉಪ್ಪುಕಾಗದ ಮತ್ತು ಪುಟ್ಟಿಯ ಖರ್ಚಿನ ರಸೀದಿಗಳನ್ನು ಇದರೊಂದಿಗೆ ಇಟ್ಟಿದ್ದೇನೆ, ಅದೂ ಸೇರಬೇಕು. ನನ್ನ ದುಡಿಮೆಗೆ ಬೆಲೆ ಕಟ್ಟುವುದಿಲ್ಲ. ಆದರೆ ಡಬ್ಬದ ಮೇಲಿನ ಬರಹ ಬದಲಾಗುವುದು ನನಗೆ ಹಣಕ್ಕಿಂತ ಮುಖ್ಯ. ಮುಟ್ಟಿದರೆ ಒಣಗಿರಲು ಎಷ್ಟು ಹೊತ್ತು, ಬಿಡಿಯಾಗಿ ಎತ್ತಿ ಇಡಲು ಎಷ್ಟು ದಿನ, ಪೇರಿಸಲು ಎಷ್ಟು ದಿನ ಎಂದು ಮೂರು ಸಂಖ್ಯೆಗಳನ್ನು ಬೇರೆ ಬೇರೆಯಾಗಿ ಅಚ್ಚು ಹಾಕಿಸಿ. ಮೂವತ್ತು ದಿನ ಎಂದು ಮೊದಲೇ ತಿಳಿದಿದ್ದರೆ ನಾನು ಮೂವತ್ತು ದಿನ ಕಾಯುತ್ತಿದ್ದೆ, ಪ್ರಾಯಶಃ ಇಂದು ನಿಮ್ಮ ಲೇಪನವನ್ನು ಹೊಗಳುತ್ತಲೂ ಇರುತ್ತಿದ್ದೆ. ಒಂದು ತಿಂಗಳು ದಾಟಿದ ತುಂಡು ಉಗುರಿಗೆ ಬಗ್ಗುವುದಿಲ್ಲ, ಕೀಲಿಕೈಯಿಂದ ಗೀರಿದರೂ ಬಿಳಿ ಗೆರೆಯಷ್ಟೇ ಮೂಡುತ್ತದೆ. ವಸ್ತು ಕೆಟ್ಟದ್ದಲ್ಲ, ಅದರ ಬಗ್ಗೆ ನೀವು ಹೇಳಿದ ಮಾತು ಕೆಟ್ಟದ್ದು.

ಈ ಪತ್ರ ತಲುಪಿದ 15 ದಿನಗಳೊಳಗೆ ತಾಂತ್ರಿಕ ವಿಭಾಗದಿಂದ ಲಿಖಿತ ಉತ್ತರ ಬರಬೇಕು. ಮತ್ತೆ ಅದೇ ಒಂದು ಸಾಲು ಬಂದರೆ ಈ ಪತ್ರ, ಚಿತ್ರಗಳು ಮತ್ತು ಹನ್ನೆರಡು ತುಂಡುಗಳೊಂದಿಗೆ ಗ್ರಾಹಕರ ದೂರು ಆಲಿಸುವ ವೇದಿಕೆಗೆ ಹೋಗುತ್ತೇನೆ. ನಿಮ್ಮವರು ಬಂದು ನೋಡುವುದಾದರೆ ಇನ್ನೂ ಒಳ್ಳೆಯದು. ರಟ್ಟಿನ ಅಕ್ಷರಗಳು ಪೆಟ್ಟಿಗೆಯ ಮೇಲೆ ಈಗಲೂ ಓದಲು ಬರುತ್ತವೆ, ಬರುವಾಗ ಒಂದು ಕನ್ನಡಿ ತರಲಿ.

ಕಾರ್ಪೆಟ್ ಸುರುಳಿಯ ಕಟ್ಟು ಬಿಚ್ಚಿಲ್ಲ. ಬಾಗಿಲ ಪಕ್ಕದಲ್ಲಿ ನಿಲ್ಲಿಸಿದ್ದೇನೆ, ಹೋಗುವಾಗ ಅದನ್ನೂ ಒಯ್ಯಬಹುದು.

ಇಂತಿ,
ನಿಮ್ಮ ಗ್ರಾಹಕ